ಕೋಳಿಯ ಪಾಲಿನ ಅಂಬಲಿ

ಜೋಳದ ಅಂಬಲಿ ಮಾಡಿ ಗೊತ್ತಿದ್ದವರಿಗೆ ಕೋಳಿಯ ಕಾಳು ಹುಳಿ ಬರಿಸುವುದನ್ನು ಹೊಸದಾಗಿ ಕಲಿಸಬೇಕಾದ್ದು ಬಹಳ ಇಲ್ಲ. ಕಲಸಿಟ್ಟ ಹಿಟ್ಟು ರಾತ್ರಿ ಕಳೆಯುವುದರೊಳಗೆ ಏನಾಗುತ್ತದೆ, ಬೇಸಿಗೆಯಲ್ಲಿ ಎಷ್ಟು ಬೇಗ ಹುಳಿಯೇರುತ್ತದೆ, ಮಾಗಿಯ ಚಳಿಯಲ್ಲಿ ಎಷ್ಟು ತಡ ಮಾಡುತ್ತದೆ, ಯಾವ ವಾಸನೆ ಬಂದರೆ ಉಣ್ಣಬಹುದು, ಯಾವುದಕ್ಕೆ ಚೆಲ್ಲಬೇಕು ಎಂಬುದೆಲ್ಲ ಗದಗ ಸೀಮೆಯ ಅಡುಗೆಮನೆಗಳಿಗೆ ತಿಳಿದ ವಿದ್ಯೆ. ಅದೇ ವಿದ್ಯೆಯನ್ನು ಹಿತ್ತಲಿಗೆ ದಾಟಿಸಿದರೆ ಕೋಳಿಯ ಹೊಟ್ಟೆಗೆ ಎಷ್ಟು ಉಪಕಾರವಾಗುತ್ತದೆ ಎಂಬುದನ್ನು ಸಮಾಧಾನವಾಗಿ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಬೆಟಗೇರಿಯ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ, ಕಪ್ಪತಗುಡ್ಡದ ಆಸುಪಾಸಿನ ತಾಂಡಾಗಳಲ್ಲಿ ಕೋಳಿ ಸಾಕುವ ರೀತಿ ಹೆಚ್ಚುಕಡಿಮೆ ಒಂದೇ. ಬೆಳಗಾಗುತ್ತಲೇ ಬುಟ್ಟಿ ಎತ್ತಿ ಬಿಡುವುದು, ಒಂದು ಹಿಡಿ ಒಣ ಜೋಳವನ್ನೋ ನುಚ್ಚನ್ನೋ ಅಂಗಳಕ್ಕೆ ಎರಚುವುದು. ಮಿಕ್ಕದ್ದನ್ನು ಅವು ತಿಪ್ಪೆ ಕೆದರಿ ಹುಡುಕಿಕೊಳ್ಳುತ್ತವೆ. ಸಂಜೆಗೆ ಇನ್ನೊಂದು ಹಿಡಿ ಎರಚಿ ಕರೆದು ಕವುಚಿಟ್ಟರೆ ದಿನ ಮುಗಿಯಿತು. ಜವಾರಿ ಕೋಳಿಗೆ ಇಷ್ಟು ಸಾಲುತ್ತದೆ, ಏಕೆಂದರೆ ಅದು ಅರ್ಧ ಹೊಟ್ಟೆಯನ್ನು ತನ್ನ ಕಾಲಿನ ಬಲದಿಂದಲೇ ತುಂಬಿಕೊಳ್ಳುತ್ತದೆ. ಆದರೆ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಅದರ ಹಿಂದೆ ಬಂದ ಸ್ವರ್ಣಧಾರಾ ಇಂಥ ತಳಿಗಳು ಹಿತ್ತಲಿಗೆ ಬಂದ ಮೇಲೆ ಲೆಕ್ಕ ಬದಲಾಯಿತು. ಅವು ಮೈಯಲ್ಲಿ ದೊಡ್ಡವು, ತತ್ತಿಯಲ್ಲಿ ಮುಂದು, ತಿನ್ನುವುದರಲ್ಲೂ ಮುಂದು. ಓಣಿಗಳು ಇಕ್ಕಟ್ಟಾಗಿ ತಿಪ್ಪೆಗಳು ಇಲ್ಲವಾದ ಕಡೆ ಜವಾರಿ ಕೋಳಿಗೂ ಕೆದರಲು ಜಾಗವಿಲ್ಲ. ಹಾಕಿದ ಕಾಳಿನಿಂದ ಎಷ್ಟು ಸತ್ವ ಮೈಗೆ ಹತ್ತುತ್ತದೆ ಎಂಬ ಪ್ರಶ್ನೆ ಏಳುವುದು ಆಗ.

ಒಣ ಕಾಳಿನಲ್ಲಿ ಸತ್ವವಿಲ್ಲವೆಂದಲ್ಲ. ಇದೆ, ಆದರೆ ಬೀಗ ಹಾಕಿಕೊಂಡಿದೆ. ಕಾಳಿನಲ್ಲಿರುವ ರಂಜಕದ ಸುಮಾರು ಮೂರರಲ್ಲಿ ಎರಡು ಪಾಲು ಫೈಟಿಕ್ ಆಮ್ಲವೆಂಬ ರೂಪದಲ್ಲಿ ಕಟ್ಟುಬಿದ್ದಿರುತ್ತದೆ. ಅದು ಸತು, ಕಬ್ಬಿಣ, ಸುಣ್ಣವನ್ನೂ ತನ್ನೊಡನೆ ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಬಿಡಿಸುವ ಫೈಟೇಸ್ ಎಂಬ ಕಿಣ್ವ ಕೋಳಿಯ ಹೊಟ್ಟೆಯಲ್ಲಿ ಸಾಕಷ್ಟು ಇಲ್ಲ. ಕಾಳಿನಲ್ಲಿಯೇ ಆ ಕಿಣ್ವ ಇರುತ್ತದಾದರೂ ಒಣಗಿದ್ದಾಗ ನಿದ್ದೆಯಲ್ಲಿರುತ್ತದೆ. ನೀರು ಬಿದ್ದು ಸ್ವಲ್ಪ ಹುಳಿಯೇರಿದಾಗ ಎಚ್ಚರಗೊಂಡು ಕೆಲಸಕ್ಕೆ ತೊಡಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ: ನಮ್ಮ ಜೋಳದಲ್ಲಿ, ಗೋವಿನಜೋಳದಲ್ಲಿ ಫೈಟೇಸ್ ಬಹಳ ಕಡಿಮೆ, ಗೋಧಿಯಲ್ಲಿ, ಅದರಲ್ಲೂ ಅದರ ಹೊರಪದರದಲ್ಲಿ ಧಾರಾಳ. ಹಾಗಾಗಿ ಜೋಳದ ನುಚ್ಚಿನ ಜೊತೆ ಗೋಧಿ ಬೂಸಾ ಸೇರಿಸಿ ನೆನೆಹಾಕಿದರೆ ಗೋಧಿಯ ಕಿಣ್ವ ಜೋಳದ ಬೀಗವನ್ನೂ ತೆಗೆಯುತ್ತದೆ. ದನಕ್ಕೆಂದು ತಂದ ಬೂಸಾದಲ್ಲಿ ಒಂದಿಷ್ಟು ಕೋಳಿಯ ಗಡಿಗೆಗೆ ಹೋಗುವುದು ಇದೇ ಕಾರಣಕ್ಕೆ.

ಬೆಟಗೇರಿಯಲ್ಲಿ ನಾನು ನೋಡಿದ ಒಂದು ಮನೆಯಲ್ಲಿ ಈ ಕೆಲಸ ಹಿಡಿದವರು ವಯಸ್ಸಾದ ಒಬ್ಬ ಅವ್ವ. ಮನೆಯಲ್ಲಿ ಮಗ್ಗವಿತ್ತು. ನೂಲಿಗೆ ಗಂಜಿ ಹಾಕುವ ಮನೆಗಳಲ್ಲಿ ಮಿಕ್ಕ ಗಂಜಿ ಮರುದಿನ ಹುಳಿ ನಾರುವುದು ಎಲ್ಲರಿಗೂ ಗೊತ್ತು, ಹಾಗಾಗಿ ಅವರ ಮೂಗಿಗೆ ಹುಳಿಯ ಹಂತಗಳು ಹೊಸವಲ್ಲ. ಹಿತ್ತಲ ಕಟ್ಟೆಯ ನೆರಳಲ್ಲಿ ಮೂರು ಪಾತ್ರೆ ಸಾಲಾಗಿದ್ದವು: ಹಳೆಯ ಉಪ್ಪಿನಕಾಯಿ ಭರಣಿ ಒಂದು, ಪ್ಲಾಸ್ಟಿಕ್ ಬಕೆಟ್ಟು ಎರಡು. ಮೂರಕ್ಕೂ ತೆಳ್ಳನೆಯ ಬಟ್ಟೆ ಕಟ್ಟಿತ್ತು. ಅವರು ಮೊದಲನೆಯದರ ಬಟ್ಟೆ ಬಿಚ್ಚಿ, ಕಟ್ಟಿಗೆಯ ಹುಟ್ಟಿನಿಂದ ತಳದವರೆಗೂ ಒಮ್ಮೆ ತಿರುವಿದರು. ಬುಡದಿಂದ ಗುಳ್ಳೆಗಳು ಬುಳುಬುಳು ಎದ್ದವು. ಮೇಲಿನ ನೀರು ಮಜ್ಜಿಗೆಯ ತಿಳಿಯ ಬಣ್ಣಕ್ಕೆ ಬಂದಿತ್ತು. ಒಂದು ಹಿಡಿ ಕಾಳೆತ್ತಿ ಹಿಂಡಿ, ಅಂಗೈಯನ್ನು ನನ್ನ ಮೂಗಿನ ಹತ್ತಿರ ತಂದು ಹೇಳಿದರು: “ಇದನ್ನ ನೋಡಿ ತಿಳ್ಯಾಂಗಿಲ್ರಿ, ಮೂಸಿ ತಿಳೀಬೇಕು. ಅಂಬಲಿ ವಾಸನಿ ಬಂದ್ರ ಹಾಕ್ರಿ. ಮುಗ್ಗಲ ವಾಸನಿ ಬಂತಂದ್ರ ತಿಪ್ಪಿಗೆ ಚೆಲ್ರಿ, ಕೋಳಿಗಿ ತೋರ್ಸಬ್ಯಾಡ್ರಿ.” ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಹೊರಗೆ ಮೆತ್ತಗಾಗಿ, ಒಳಗೆ ಇನ್ನೂ ಚೂರು ಗಟ್ಟಿ ಉಳಿದಿತ್ತು. ಅವರಿಗೆ ಬೇಕಾದ ಹದವೂ ಅದೇ.

ಹತ್ತು ಕೋಳಿಗಳಿಗೆ ದಿನಕ್ಕೆ ಅರ್ಧ ಕಿಲೊ ಒಣ ಮಿಶ್ರಣವೆಂದು ಹಿಡಿಯೋಣ. ಇದು ಹೊರಗೆ ಬಿಟ್ಟು ಮೇಯಿಸುವ ಜವಾರಿ ಕೋಳಿಯ ಲೆಕ್ಕ. ಗೂಡಿನಲ್ಲೇ ಕೂಡಿಹಾಕಿ ತತ್ತಿಗಾಗಿ ಸಾಕುವ ದೊಡ್ಡ ತಳಿಗೆ ತಲಾ 110 ರಿಂದ 120 ಗ್ರಾಂ ಬೇಕು. ಮಿಶ್ರಣವನ್ನು ಐದು ಪಾಲು ಮಾಡಿದರೆ ಜೋಳದ ನುಚ್ಚು ಎರಡು ಪಾಲು, ಗೋವಿನಜೋಳದ ನುಚ್ಚು ಒಂದು, ಗೋಧಿ ಬೂಸಾ ಒಂದು, ಶೇಂಗಾ ಹಿಂಡಿ ಮತ್ತು ಹೆಸರಿನ ಚುನ್ನಿ ಸೇರಿ ಒಂದು. ಗೋವಿನಜೋಳ ಬೇಡವೆಂದರೂ ನಡೆಯುತ್ತದೆ, ಆದರೆ ತತ್ತಿಯ ಹಳದಿ ಭಂಡಾರ ಬಿಳಿಚಿಕೊಳ್ಳುತ್ತದೆ. ಬಿಳಿಜೋಳದಲ್ಲಿ ಆ ಬಣ್ಣ ಕೊಡುವ ವಸ್ತು ಇಲ್ಲ. ಆಗ ಮೆಂತ್ಯ, ಹಕ್ಕರಕಿ, ರಾಜಗಿರಿಯಂಥ ಸೊಪ್ಪಿನ ಕಡ್ಡಿಗಳನ್ನಾದರೂ ಎಸೆಯಬೇಕು. ಹಿಂಡಿಯನ್ನು ಬಹಳ ಹಾಕಬಾರದು. ಸಸಾರಜನಕ ಹೆಚ್ಚಿದಷ್ಟೂ ಹುಳಿಯೇರುವುದು ತಡವಾಗುತ್ತದೆ, ತಡವಾದಷ್ಟೂ ಕೊಳೆಯುವ ಸಂಭವ ಜಾಸ್ತಿ. ಅನುಭವಸ್ಥರು ಕಾಳನ್ನಷ್ಟೇ ಹುಳಿ ಬರಿಸಿ, ಹಿಂಡಿಯನ್ನು ಹಾಕುವ ಹೊತ್ತಿಗೆ ಪುಡಿ ಮಾಡಿ ಕಲಸುತ್ತಾರೆ. ನನಗೂ ಅದೇ ಲೇಸೆನಿಸುತ್ತದೆ.

ಕಾಳಿನ ಮೇಲೆ ನಾಲ್ಕು ಬೆರಳು ನೀರು ನಿಲ್ಲಬೇಕು. ನುಚ್ಚು ಉಬ್ಬಿ ನೀರು ಕುಡಿದಂತೆ ಮತ್ತೆ ಸುರಿಯಬೇಕು. ಕಾಳು ನೀರಿನ ಮೇಲೆ ತಲೆ ಎತ್ತಿತೆಂದರೆ ಅಲ್ಲಿಗೆ ಬೂಸ್ಟು ಬಂತೆಂದೇ ಲೆಕ್ಕ. ಗದಗ-ಬೆಟಗೇರಿಗೆ ತುಂಗಭದ್ರೆಯ ನೀರು ನಳದಲ್ಲಿ ಬರುವುದು ದಿನಗಟ್ಟಲೆ ಕಾದ ಮೇಲೆ. ಬಂದ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಹುಳಿ ತರುವ ಜೀವಿಗಳನ್ನೂ ಹಿಂಜರಿಸುತ್ತದೆ. ಆದರೆ ನೀರನ್ನು ತೆರೆದ ಕೊಡದಲ್ಲಿ ಒಂದು ರಾತ್ರಿ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಮತ್ತು ನೀರು ತುಂಬಿಟ್ಟುಕೊಂಡೇ ಬದುಕುವ ಊರಿನಲ್ಲಿ ಆ ಕೆಲಸ ತಾನಾಗಿಯೇ ಆಗಿರುತ್ತದೆ. ಪಾತ್ರೆ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಆಗಕೂಡದು, ಹುಳಿ ಅವನ್ನು ತಿನ್ನುತ್ತದೆ. ಮಣ್ಣಿನ ಗಡಿಗೆ, ಭರಣಿ, ಒಳ್ಳೆಯ ಪ್ಲಾಸ್ಟಿಕ್ಕು ಆದೀತು. ಗಾಳಿಯಾಡದ ಮುಚ್ಚಳ ಬಿಗಿದರೆ ಒಳಗಿನ ಅನಿಲ ತಳ್ಳಿ ಮುಚ್ಚಳ ಹಾರಿಸೀತು. ಬಟ್ಟೆ ಕಟ್ಟಿದರೆ ಸಾಕು.

ನೀರೊಳಗೆ ಮುಳುಗಿದ ಕಾಳಿಗೆ ಗಾಳಿ ಸಿಕ್ಕುವುದಿಲ್ಲ. ಮೊದಲ ಕೆಲವು ತಾಸು ಅಲ್ಲಿ ಬಗೆಬಗೆಯ ಸೂಕ್ಷ್ಮಜೀವಿಗಳ ಗದ್ದಲ, ಅವುಗಳಲ್ಲಿ ಹೊಟ್ಟೆ ಕೆಡಿಸುವಂಥವೂ ಇರುತ್ತವೆ. ಆಮೇಲೆ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು, ನಮ್ಮ ಮೊಸರಿನ ಹೆಪ್ಪಿನ ಬಳಗದವು, ಮೇಲುಗೈ ಪಡೆಯುತ್ತವೆ. ಅವು ಬಿಟ್ಟ ಹುಳಿಯಲ್ಲಿ ಅವೇ ಬದುಕಬಲ್ಲವು. ಇತರ ಬಹಳಷ್ಟಕ್ಕೆ ಅದು ಸಾವು. ಪಿಎಚ್ 4.5ರ ಆಸುಪಾಸಿಗೋ ಅದಕ್ಕಿಂತ ಕೆಳಗೋ ಇಳಿದಾಗ ಹದ ಬಂದಂತೆ. ಅಂದಮೇಲೆ ರಾತ್ರಿ ನೆನೆಸಿ ಬೆಳಿಗ್ಗೆ ಹಾಕುವ ಅರೆಹುಳಿಯ ಕಾಳು ಒಣಗಿದ್ದಕ್ಕಿಂತ ಮೇಲೆಂದು ಹೇಳಲಾಗದು: ಗದ್ದಲದ ಹೊತ್ತಿನಲ್ಲೇ ಅದನ್ನು ಎತ್ತಿ ಹಾಕಿದಂತೆ. ಆ ಗದ್ದಲವನ್ನು ಮೊಟಕು ಮಾಡುವ ಉಪಾಯ ಹೆಪ್ಪು. ಮುಗಿದ ಪಾತ್ರೆಯ ಹುಳಿನೀರಿನಲ್ಲಿ ಒಂದು ಲೋಟ ಉಳಿಸಿ ಹೊಸದಕ್ಕೆ ಸುರಿದರೆ ಲ್ಯಾಕ್ಟಿಕ್ ಬಳಗ ಮೊದಲ ತಾಸಿನಿಂದಲೇ ಮುಂದಿರುತ್ತದೆ. ಮೊದಲ ಸಲವಾದರೆ ಉಪ್ಪು ಹಾಕದ ಹುಳಿ ಮಜ್ಜಿಗೆಯ ತಿಳಿ ಎರಡು ಚಮಚ. ಬೆಟಗೇರಿಯ ಮೂರು ಪಾತ್ರೆಗಳ ಗುಟ್ಟೂ ಇದೇ. ಇವತ್ತು ಒಂದು ಖಾಲಿಯಾಗುತ್ತದೆ, ಅದರ ನೀರೇ ಹೆಪ್ಪಾಗಿ ಅದೇ ಪಾತ್ರೆ ಮತ್ತೆ ತುಂಬುತ್ತದೆ, ನಾಳೆಯದು ಪಕ್ಕದಲ್ಲಿ ಕಾದಿರುತ್ತದೆ. ಏಪ್ರಿಲ್-ಮೇ ತಿಂಗಳ ಉರಿಯಲ್ಲಿ ಹೆಪ್ಪು ಹಾಕಿದ ಕಾಳು ಒಂದು ದಿನಕ್ಕೆ ತಯಾರು. ಡಿಸೆಂಬರಿನ ಚಳಿಯಲ್ಲಿ ಮೂರು ದಿನವೂ ಬೇಕಾದೀತು, ಆಗ ಪಾತ್ರೆಯನ್ನು ಒಲೆಯ ಗೋಡೆಯ ಮಗ್ಗುಲಿಗೆ ಸರಿಸುತ್ತಾರೆ.

ದಿನಕ್ಕೆ ಎರಡು ಸಲ ತಿರುವಿದರೆ ಮೇಲಿನದು ಕೆಳಗಾಗಿ ಹುಳಿ ಒಂದೇ ಸಮ ಹಿಡಿಯುತ್ತದೆ. ಮೇಲೆ ತೆಳ್ಳನೆಯ ಬಿಳಿ ಪೊರೆ ಕಟ್ಟಿದರೆ ಹೆದರಬೇಕಿಲ್ಲ, ಅದು ಒಂದು ಬಗೆಯ ಯೀಸ್ಟು, ತಿರುವಿಬಿಟ್ಟರಾಯಿತು. ಕೂದಲಿನಂತೆ ಎದ್ದು ನಿಂತ ಹಸಿರು, ಕಪ್ಪು, ಕೆಂಪು ಬೂಸ್ಟು ಕಂಡರೆ ಮೇಲಿನದನ್ನು ತೆಗೆದು ಕೆಳಗಿನದನ್ನು ಹಾಕುವ ಉಳಿತಾಯ ಬೇಡ, ಪೂರ್ತಿ ಚೆಲ್ಲಬೇಕು. ಬೂಸ್ಟಿನ ಬೇರು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತದೆ.

ಹುಳಿ ಎಲ್ಲವನ್ನೂ ತೊಳೆಯುತ್ತದೆಂಬ ನಂಬಿಕೆ ಮಾತ್ರ ಅಪಾಯದ್ದು. ಮಳೆಗೆ ಸಿಕ್ಕ ಗೋವಿನಜೋಳ, ತೇವಕ್ಕೆ ಕಪ್ಪಾದ ಶೇಂಗಾ ಹಿಂಡಿ ಅಗ್ಗಕ್ಕೆ ಸಿಕ್ಕಾಗ, ಹೇಗೂ ಹುಳಿ ಬರಿಸುತ್ತೇವಲ್ಲ ಎಂದು ತಂದು ಸುರಿಯುವ ಆಸೆ ಬರುತ್ತದೆ. ಅಂಥ ಕಾಳಿನಲ್ಲಿ ಬೂಸ್ಟು ಬಿಟ್ಟುಹೋದ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ ಕಾರಣ ತಿಳಿಯದೆ ಅದನ್ನು ‘ಟರ್ಕಿ ಎಕ್ಸ್ ರೋಗ’ ಎಂದು ಕರೆದರು. ಹುಡುಕುತ್ತ ಹೋದಾಗ ಸಿಕ್ಕಿದ್ದು ಬ್ರೆಜಿಲಿನಿಂದ ತಂದ ಶೇಂಗಾ ಹಿಂಡಿಯಲ್ಲಿದ್ದ ಬೂಸ್ಟು. ಜಗತ್ತು ಅಫ್ಲಾಟಾಕ್ಸಿನನ್ನು ಗುರುತಿಸಿದ್ದು ಹಾಗೆ. ಶೇಂಗಾ ಬೆಳೆಯುವ, ಹಿಂಡಿ ಬಳಸುವ ನಮ್ಮ ಸೀಮೆಯವರು ಈ ಸಂಗತಿಯನ್ನು ಮರೆಯಬಾರದು. ಹುಳಿಯಿಂದಾಗಲಿ ಕುದಿಸುವುದರಿಂದಾಗಲಿ ಈ ವಿಷ ಹೋಯಿತೆಂದು ನೆಚ್ಚುವಂತಿಲ್ಲ. ಹೊಸ ಹಿಂಡಿ, ಒಣಗಿದ ಹಿಂಡಿ, ಗಾಣದಿಂದ ನೇರ ಬಂದ ಹಿಂಡಿ, ಇಷ್ಟೇ ದಾರಿ. ಹತ್ತಿಕಾಳಿನ ಹಿಂಡಿ ದನಕ್ಕೆ ಒಳ್ಳೆಯದೆಂದು ಕೋಳಿಯ ಗಡಿಗೆಗೂ ಹಾಕಬಾರದು. ಅದರಲ್ಲಿರುವ ಗಾಸಿಪಾಲ್ ತತ್ತಿಯ ಹಳದಿಯನ್ನು ಕಂದು-ಹಸಿರು ಮಾಡುತ್ತದೆ, ಹೆಚ್ಚಾದರೆ ಕೋಳಿಗೇ ಕೇಡು.

ಎರೆ ನೆಲದವರಿಗೆ ಹೇಳಲೇಬೇಕಾದ ಇನ್ನೊಂದು ಮಾತು ಜೋಳದ ಮೊಳಕೆಯದು. ಮಳೆ ತಪ್ಪಿ ಬಾಡಿದ ಎಳೆಯ ಜೋಳದ ಬೆಳೆ ಮೇಯ್ದು ದನ ಹೊಟ್ಟೆಯುಬ್ಬಿ ನೆಲಕ್ಕೆ ಬಿದ್ದದ್ದನ್ನು ಇಲ್ಲಿಯ ರೈತರು ಕಂಡಿದ್ದಾರೆ, ಕೇಳಿದ್ದಾರೆ. ಆ ಬೆಳೆಯಲ್ಲಿ ಸೈನೈಡ್ ಹುಟ್ಟಿಸುವ ಡುರಿನ್ ಎಂಬ ವಸ್ತು ಇರುತ್ತದೆ. ಒಣಗಿದ ಕಾಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಕಾಳು ಮೊಳೆತಾಗ ಮೊಳಕೆಯಲ್ಲಿ ಏರುತ್ತದೆ. ಹೆಸರು, ಮಡಿಕಿ ಮೊಳೆಸಿ ಕೋಳಿಗೆ ಹಾಕುವ ಪದ್ಧತಿ ಒಳ್ಳೆಯದು. ಜೋಳವನ್ನು ಹಾಗೆ ಮೊಳೆಸಿ ಹಾಕುವುದು ಒಳ್ಳೆಯದಲ್ಲ. ಇಡೀ ಜೋಳ ಹಾಕುವವರು ಕಾಳನ್ನು ಸದಾ ನೀರಿನಡಿ ಇಟ್ಟರೆ ಗಾಳಿಯಿಲ್ಲದೆ ಮೊಳಕೆ ಒಡೆಯದು. ನುಚ್ಚಾದರೆ ಮೊಳೆಯುವ ಪ್ರಶ್ನೆಯೇ ಇಲ್ಲ. ನಾಲ್ಕು ಬೆರಳಿನ ನೀರಿಗೆ ಇದೂ ಒಂದು ಕಾರಣ.

ಸುಣ್ಣದ ವಿಷಯದಲ್ಲಿ ಬೆಟಗೇರಿಯ ಅವ್ವನ ಕಟ್ಟುನಿಟ್ಟು ನನಗೆ ಬಹಳ ಹಿಡಿಸಿತು. ತತ್ತಿಯ ಸಿಪ್ಪೆ ಮುಕ್ಕಾಲು ಮೂರುವೀಸ ಸುಣ್ಣವೇ ತಾನೆ. ಒಂದು ತತ್ತಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಕೋಳಿಯ ಮೈಯಿಂದ ಹೋಗುತ್ತದೆ. ಹಾಗೆಂದು ಸಿಪ್ಪೆಯ ಪುಡಿಯನ್ನೋ ಸುಣ್ಣದಕಲ್ಲಿನ ಪುಡಿಯನ್ನೋ ಗಡಿಗೆಗೇ ಸುರಿದರೆ ಅದು ಹುಳಿಯನ್ನು ಕೊಂದುಬಿಡುತ್ತದೆ. ಸುಣ್ಣ, ಹುಳಿ ಒಂದನ್ನೊಂದು ನುಂಗುವ ವಸ್ತುಗಳು. ಪಿಎಚ್ ಇಳಿಯುವುದೇ ಇಲ್ಲ, ಕಾಳು ಕೊಳೆಯುತ್ತದೆ. ಅವ್ವ ತತ್ತಿಯ ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿ, ಒರಳಲ್ಲಿ ಕುಟ್ಟಿ, ಬೇರೆಯೇ ಒಂದು ಬೋಗುಣಿಯಲ್ಲಿ ಗೂಡಿನ ಬಾಗಿಲಿಗೆ ಇಡುತ್ತಾರೆ. ತತ್ತಿ ಇಡುವ ಕೋಳಿ ತನಗೆ ಬೇಕಾದಷ್ಟನ್ನು ತಾನೇ ಆರಿಸಿ ತಿನ್ನುತ್ತದೆ, ಹುಂಜ ಅತ್ತ ಸುಳಿಯುವುದು ಕಡಿಮೆ. “ಅದಕ್ಕ ಗೊತ್ತಾಕ್ಕತ್ರಿ ತನಗೆಷ್ಟು ಬೇಕಂತ” ಎಂದರು. ಶಾಸ್ತ್ರವೂ ಅದನ್ನೇ ಹೇಳುತ್ತದೆ. ಸುಣ್ಣದ ಹಸಿವು ಕೋಳಿಗೆ ಪ್ರತ್ಯೇಕವಾಗಿಯೇ ಇದೆ.

ಹುಳಿ ಬಂದ ಕಾಳು ಹೊಟ್ಟೆಗೆ ಇಳಿದ ಮೇಲೆ ಏನಾಗುತ್ತದೆ ಎಂಬುದು ಇನ್ನೂ ಸೊಗಸಾದ ಕಥೆ. ಕೋಳಿ ನುಂಗಿದ್ದು ಮೊದಲು ಕೊರಳ ಬುಡದ ಮೇವಿನ ಚೀಲದಲ್ಲಿ ತಂಗುತ್ತದೆ. ಸಂಜೆ ಗೂಡು ಸೇರುವ ಕೋಳಿಯ ಎದೆಯ ಮೇಲೆ ಕೈಯಿಟ್ಟರೆ ಉಂಡೆಯಾಗಿ ಸಿಗುತ್ತದಲ್ಲ, ಅದೇ. ಆ ಚೀಲದ ಗೋಡೆಗೆ ಲ್ಯಾಕ್ಟೋಬ್ಯಾಸಿಲಸ್ ಜೀವಿಗಳು ಅಂಟಿಕೊಂಡು ವಾಸಿಸುತ್ತವೆ. 1970ರ ದಶಕದಲ್ಲಿ ಇಂಗ್ಲೆಂಡಿನ ರಾಯ್ ಫುಲರ್ ಇದನ್ನು ವಿವರವಾಗಿ ತೋರಿಸಿದರು. ಅಂದರೆ ಕೋಳಿ ತನ್ನ ಕೊರಳಲ್ಲೇ ಒಂದು ಹುಳಿಗಡಿಗೆ ಹೊತ್ತು ತಿರುಗುತ್ತದೆ. ನಾವು ಹೊರಗೆ ಮಾಡುವುದು ಆ ಕೆಲಸಕ್ಕೆ ಕೈ ಜೋಡಿಸುವುದಷ್ಟೆ. 1973ರಲ್ಲಿ ಫಿನ್ಲೆಂಡಿನ ಎಸ್ಕೊ ನುರ್ಮಿ ಮತ್ತು ರಂತಲಾ ಇನ್ನೊಂದು ಸಂಗತಿ ಹೊರಗಿಟ್ಟರು: ದೊಡ್ಡ ಕೋಳಿಯ ಕರುಳಿನ ಒಳ್ಳೆಯ ಜೀವಿಗಳನ್ನು ಆಗತಾನೇ ಹುಟ್ಟಿದ ಮರಿಗೆ ಉಣಿಸಿದರೆ ಸಾಲ್ಮೊನೆಲ್ಲಾ ಅದರ ಕರುಳಿನಲ್ಲಿ ಬೇರೂರಲು ಜಾಗ ಸಿಗದೆ ಸೋಲುತ್ತದೆ. ತಾಯಿಯ ರೆಕ್ಕೆಯಡಿ ಬೆಳೆದ ಮರಿಗೆ ಈ ದಾಯಾದ್ಯ ತಾನಾಗಿ ಬರುತ್ತದೆ. ಯಂತ್ರದಲ್ಲಿ ಒಡೆದು ಡಬ್ಬಿಯಲ್ಲಿ ಬಂದ ಗಿರಿರಾಜ ಮರಿಗೆ ತಾಯಿ ಎಲ್ಲಿಂದ ಬರಬೇಕು? ಹುಳಿಗಾಳು ಅದಕ್ಕೆ ಪೂರಾ ತಾಯಿಯಾಗದು, ಆದರೆ ಹುಳಿಯೂ ಲ್ಯಾಕ್ಟಿಕ್ ಬಳಗವೂ ಹೊಟ್ಟೆಗೆ ಸೇರಿ ಕೆಟ್ಟ ಜೀವಿಗಳ ದಾರಿಯನ್ನು ಕಿರಿದು ಮಾಡುತ್ತವೆ.

2009ರಲ್ಲಿ ಡೆನ್ಮಾರ್ಕಿನ ಸಂಶೋಧಕರು ತತ್ತಿಕೋಳಿಗಳ ಮೇಲೆ ಮಾಡಿದ ಪರೀಕ್ಷೆಯ ಫಲ ಪ್ರಕಟವಾಯಿತು. ಹುಳಿಮೇವಿನ ಕೋಳಿಗಳ ತತ್ತಿಯ ಸಿಪ್ಪೆ ಗಟ್ಟಿಯಾಗಿತ್ತು, ಕೊನೆಯ ವಾರಗಳಲ್ಲಿ ತತ್ತಿಯ ತೂಕವೂ ಹೆಚ್ಚಿತ್ತು. ಆದರೆ ಅವು ಆ ಮೇವಿಗೆ ಒಗ್ಗಲು ಸಮಯ ತೆಗೆದುಕೊಂಡವು, ಮೊದಮೊದಲು ಕಡಿಮೆ ತಿಂದವು, ಜಗಳ ಹೆಚ್ಚಿ ಗರಿಯೂ ಕೆಟ್ಟಿತ್ತು. ನನಗೆ ಈ ಕೊನೆಯ ಮಾತೇ ಹೆಚ್ಚು ಉಪಯೋಗದ್ದು. ಒಣಗಾಳನ್ನು ಅಂಗಳದ ತುಂಬ ಎರಚಿದರೆ ಮೆತ್ತನೆಯ ಕೋಳಿಗೂ ಒಂದು ಮೂಲೆ ಸಿಗುತ್ತದೆ. ಹುಳಿಗಾಳನ್ನು ಒಂದೇ ತಟ್ಟೆಯಲ್ಲಿ ಸುರಿದರೆ ಜೋರಿನ ಕೋಳಿ ಉಳಿದವನ್ನು ಕುಟ್ಟಿ ಓಡಿಸುತ್ತದೆ. ಒಡೆದ ಪೈಪನ್ನು ಉದ್ದಕ್ಕೆ ಸೀಳಿ ದೋಣಿ ಮಾಡಿ, ಎರಡು ಮೂರು ಕಡೆ ಇಟ್ಟರೆ ಎಲ್ಲಕ್ಕೂ ಪಾಲು. ಮೊದಲ ದಿನವೇ ಪೂರ್ತಿ ಹುಳಿಗೆ ಹಾಯಬಾರದು. ಒಣ ನುಚ್ಚಿನಲ್ಲಿ ಕಾಲು ಪಾಲು ಬೆರೆಸಿ ಶುರುಮಾಡಿ, ಒಂದೆರಡು ವಾರದಲ್ಲಿ ಏರಿಸಬೇಕು.

ಹಾಕುವ ಹೊತ್ತಿಗೆ ಕಾಳನ್ನು ಜರಡಿಗೆ ಸುರಿದು ನೀರು ಬಸಿಯುತ್ತಾರೆ. ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಬೆರಳು ಬಿಟ್ಟರೆ ಉದುರಬೇಕು. ಅರ್ಧ ತಾಸಿನಲ್ಲಿ ತಿಂದು ಮುಗಿಯುವಷ್ಟೇ ಹಾಕಿ, ಉಳಿದದ್ದನ್ನು ಬಿಸಿಲೇರುವ ಮೊದಲು ತೆಗೆಯಬೇಕು, ಇಲ್ಲದಿದ್ದರೆ ನೊಣ ಮುತ್ತುತ್ತದೆ. ಮೇವಿನ ಖರ್ಚು ಅರ್ಧಕ್ಕೆ ಇಳಿಯುತ್ತದೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಉಬ್ಬಿದ ಕಾಳು ನೋಡಲು ಬಹಳ ಕಾಣುತ್ತದೆ, ಆ ಉಬ್ಬು ನೀರು. ನಿಜವಾದ ಉಳಿತಾಯ ಬೇರೆಡೆ ಇದೆ: ಒಣ ನುಚ್ಚಿನಲ್ಲಿ ಧೂಳಾಗಿ ಮಣ್ಣುಪಾಲಾಗುವ ಹಿಟ್ಟು ಇಲ್ಲಿ ಕಾಳಿಗೆ ಅಂಟಿಕೊಂಡು ಹೊಟ್ಟೆಗೆ ಹೋಗುತ್ತದೆ, ಮತ್ತು ತಿಂದದ್ದರಲ್ಲಿ ಹೆಚ್ಚು ಪಾಲು ಮೈಗೆ ಹತ್ತುತ್ತದೆ. ಬೇಸಿಗೆಯಲ್ಲಂತೂ ಇದರ ಬೆಲೆ ಹೆಚ್ಚು. ಕೋಳಿಗೆ ಬೆವರು ಇಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಬಿಸಿಲು 38-40 ಡಿಗ್ರಿಗೆ ಏರಿದಾಗ ಒಣಗಾಳು ಮುಟ್ಟದೆ ನೆರಳಲ್ಲಿ ರೆಕ್ಕೆ ಹರವಿ ಮಲಗುತ್ತದೆ, ತತ್ತಿ ನಿಲ್ಲುತ್ತದೆ. ತಂಪಾದ, ನೀರುಂಡ ಕಾಳನ್ನು ಬೆಳಗಿನ ಐದಾರು ಗಂಟೆಗೆ ಕೊಟ್ಟರೆ ಆ ದಿನಗಳಲ್ಲೂ ತಿನ್ನುತ್ತದೆ.

ಕೊಕ್ಕರೆ ರೋಗಕ್ಕೆ ಹುಳಿಗಾಳು ಮದ್ದಲ್ಲ. ಅದಕ್ಕೆ ಲಸಿಕೆಯೊಂದೇ ದಾರಿ, ಅದನ್ನು ತಪ್ಪಿಸಿ ಗಡಿಗೆಯನ್ನು ನಂಬಿದರೆ ಒಂದು ವಾರದಲ್ಲಿ ಗೂಡು ಖಾಲಿಯಾಗುತ್ತದೆ. ಗದಗದಲ್ಲಿ ಪಶುವೈದ್ಯ ಕಾಲೇಜಿದೆ, ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ತಾಲ್ಲೂಕಿಗೊಂದು ಪಶು ಆಸ್ಪತ್ರೆಯಿದೆ. ಲಸಿಕೆಯ ಕಾಲ ಕೇಳಿ ಬರೆದಿಟ್ಟುಕೊಳ್ಳುವುದು ಗಡಿಗೆ ತೊಳೆಯುವಷ್ಟೇ ಮುಖ್ಯ ಕೆಲಸ.

ಮರಿಗಳಿಗೆ ಮೊದಲ ವಾರ ಒಣ ಹಿಟ್ಟುನುಚ್ಚೇ ಸಾಕು. ಎರಡನೆಯ ವಾರದಿಂದ ಸಣ್ಣಗೆ ಒಡೆದ, ಚೆನ್ನಾಗಿ ಬಸಿದ ಹುಳಿನುಚ್ಚನ್ನು ಚಿಟಿಕೆಯಷ್ಟು ಬೆರೆಸಬಹುದು, ಜೊತೆಗೆ ಸಣ್ಣ ಮರಳು ಇರಬೇಕು, ಹಲ್ಲಿಲ್ಲದ ಕೋಳಿಗೆ ಬೀಸುವ ಕಲ್ಲು ಅದೇ. ಡಬ್ಬಿಯಲ್ಲಿ ಬಂದ ಮರಿಗಳಿಗೆ ಬೆರಳಿನಿಂದ ತಟ್ಟೆಯ ಅಂಚು ಕುಟ್ಟಿ ತೋರಿಸಬೇಕಾಗುತ್ತದೆ. ತಾಯಿಯಿರುವ ಮರಿಗಳಿಗೆ ಆ ಕಷ್ಟವಿಲ್ಲ. ತಾಯಿಕೋಳಿ ಒಂದು ಕಾಳನ್ನು ಕೊಕ್ಕಿನಲ್ಲಿ ಎತ್ತಿ ಹಾಕಿ, ಎತ್ತಿ ಹಾಕಿ, ಕುಟುಕುಟು ಕರೆದು ತಾನೇ ಕಲಿಸುತ್ತದೆ. ತಾಯಿಗೆ ಹುಳಿಗಾಳಿನ ರುಚಿ ಹತ್ತಿದ್ದರೆ ಹುಳಿನುಚ್ಚು ಶುರುಮಾಡಿದ ಎರಡನೆಯ ದಿನಕ್ಕೇ ಮರಿಗಳು ದೋಣಿಗೆ ಬಂದು ನಿಲ್ಲುತ್ತವೆ.